ಕ್ಯೂ ಪ್ಯಾಲೇಸ್‌ನ ಹಳೇ ಇಟ್ಟಿಗೆ ಗೋಡೆಗೆ ಕೆಂಪು ಬಳಿದಿರುವುದು ಯಾಕೆ?

ಕ್ರಾಯ್ಡನ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಹಳೇ ಕಟ್ಟಡಗಳ ಬಗ್ಗೆ ಗೊತ್ತಿರುವವರು ಸ್ವಲ್ಪ ಹೇಳಿ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಮ್ಮನಿಗೆ ಲಾಲ್‌ಬಾಗ್ ಅಂದರೆ ಪ್ರಾಣ. ಅಲ್ಲಿ ಅಧಿಕಾರಿಗಳಾಗಿದ್ದ ಕ್ಯಾಮರಾನ್, ಕ್ರುಂಬಿಗಲ್ ಇಬ್ಬರೂ ಇಲ್ಲಿ ಲಂಡನ್ನಿನ ಕ್ಯೂ ಗಾರ್ಡನ್ಸ್ ಸಸ್ಯೋದ್ಯಾನದಲ್ಲಿ ಕೆಲಸ ಮಾಡಿ ಬಂದವರು ಅಂತ ಅವರಿಗೆ ಗೊತ್ತು, ಹಾಗಾಗಿ ಕ್ಯೂ ನೋಡಲೇಬೇಕು ಅಂದರು. ಹೋದೆವು. ಗಾಜಿನ ಮನೆ, ಗಿಡ, ಮರ ಎಲ್ಲ ಚೆನ್ನಾಗಿತ್ತು. ಆದರೆ ಅಪ್ಪ ಜಾಸ್ತಿ ಹೊತ್ತು ನಿಂತಿದ್ದು ತೋಟದ ಒಂದು ಕಡೆ ಇರುವ ಕ್ಯೂ ಪ್ಯಾಲೇಸ್ ಮುಂದೆ. ಅರಮನೆ ಅಂತ ಹೆಸರು, ನೋಡಿದರೆ ಒಬ್ಬ ಸಾಹುಕಾರನ ಮನೆಯಷ್ಟೇ ಇದೆ. ಮೂರು ಅಂತಸ್ತು, ಮೇಲೆ ಬಳುಕುವ ಅಂಚಿನ ಮೂರು ಗೇಬಲ್, ಅಂದರೆ ಮಾಡಿನ ತುದಿ ಮುಚ್ಚುವ ಗೋಡೆ. ಬಾಗಿಲ ಮೇಲೆ 1631 ಅಂತ ಇಸವಿ ಇದೆ.

ಅಪ್ಪ ಪಿಡಬ್ಲ್ಯುಡಿಯಲ್ಲಿ ಇದ್ದು ರಿಟೈರ್ ಆದವರು. ಹತ್ತಿರ ಹೋಗಿ ಗೋಡೆ ನೋಡಿ, "ಇದು ಇಟ್ಟಿಗೆಯ ಸ್ವಂತ ಬಣ್ಣ ಅಲ್ಲ ಕಣೋ, ಮೇಲೆ ಏನೋ ಬಳಿದಿದ್ದಾರೆ" ಅಂದರು. ನಿಜ, ಇಡೀ ಮನೆ ಒಂದೇ ಸಮ ಕಿತ್ತಳೆ ಮಿಶ್ರಿತ ಕೆಂಪು, ಇಟ್ಟಿಗೆ ಮೇಲೂ ಅದೇ, ಸಂದಿನ ಮೇಲೂ ಅದೇ. ಸುಮಾರು ನಾನೂರು ವರ್ಷದ ಇಟ್ಟಿಗೆಗೆ ಯಾರಾದರೂ ಬಣ್ಣ ಹೊಡೆಯುತ್ತಾರಾ? ಈ ದೇಶದಲ್ಲಿ ಹಳೇ ಮನೆಯ ಒಂದು ಕಿಟಕಿ ಬದಲಿಸಬೇಕಾದರೂ ಕೌನ್ಸಿಲ್ ಪರ್ಮಿಷನ್ ಬೇಕು ಅಂತಾರೆ, ಇದಕ್ಕೆ ಹೇಗೆ ಒಪ್ಪಿದರು?

ಇನ್ನೊಂದು, ಕಿಟಕಿ ಸುತ್ತ, ಬಾಗಿಲ ಮೇಲೆ ಕಂಬಗಳ ಥರ, ಕಲ್ಲಿನ ಕೆತ್ತನೆ ಥರ ಏನೇನೋ ಇದೆ. ಅದೂ ಎಲ್ಲ ಇಟ್ಟಿಗೆಯೇ ಅಂತ ಅಪ್ಪನ ವಾದ. ಹೌದಾ? ಇಟ್ಟಿಗೆಯಲ್ಲಿ ಅಷ್ಟು ನಾಜೂಕು ಕೆಲಸ ಹೇಗೆ ಮಾಡಿದರು?

---

ಗಾರೆ_ಕರಣೆ

ನಾನು ಇಲ್ಲಿ ಹಳೇ ಕಟ್ಟಡಗಳ ರಿಪೇರಿ ಕೆಲಸದಲ್ಲೇ ಇದ್ದೇನೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ನಿಮ್ಮ ತಂದೆಯವರು ಹೇಳಿದ್ದು ಎರಡೂ ಸರಿ.

ಮೊದಲು ಬಣ್ಣದ ವಿಷಯ. ಅದು ಪೇಂಟ್ ಅಲ್ಲ, ಸುಣ್ಣ. ನೀರು ಸುಣ್ಣಕ್ಕೆ ಕಾವಿ ಕಲಸಿ ಬಳಿದಿದ್ದಾರೆ. ಈ ಮನೆಯನ್ನು ನೋಡಿಕೊಳ್ಳುವ ಹಿಸ್ಟಾರಿಕ್ ರಾಯಲ್ ಪ್ಯಾಲೇಸಸ್ ಸಂಸ್ಥೆ 1996ರಿಂದ 2006ರವರೆಗೆ ಇಲ್ಲಿ ದೊಡ್ಡ ದುರಸ್ತಿ ಮಾಡಿಸಿತು. ಆಗ ಬಳಿದದ್ದು ಇದು. ಅವರಿಗೆ ಹೊಸದಾಗಿ ಹೊಳೆದ ಐಡಿಯಾ ಏನಲ್ಲ. ಮನೆ ಕಟ್ಟಿದ ಕಾಲದಲ್ಲೇ ಗೋಡೆ ಹೀಗಿತ್ತು, ಅದನ್ನೇ ವಾಪಸ್ ತಂದಿದ್ದಾರೆ.

ಇಟ್ಟಿಗೆ ಮನೆಗೆ ಇಟ್ಟಿಗೆ ಬಣ್ಣವನ್ನೇ ಮತ್ತೆ ಯಾಕೆ ಬಳಿಯಬೇಕು ಅಂತ ಅನ್ನಿಸುತ್ತೆ ಅಲ್ವಾ. ಅದಕ್ಕೆ ಆ ಕಾಲದ ಇಟ್ಟಿಗೆ ಹೇಗೆ ಆಗುತ್ತಿತ್ತು ಅಂತ ನೋಡಬೇಕು. ಕೈಯಲ್ಲಿ ಅಚ್ಚು ಹಾಕಿದ ಹಸಿ ಇಟ್ಟಿಗೆ, ಸೌದೆ ಹಾಕಿ ಸುಟ್ಟ ಗೂಡು. ಬೆಂಕಿಯ ಪಕ್ಕದಲ್ಲಿ ಇದ್ದದ್ದು ಕಪ್ಪಾಗಿ ಗಾಜಿನ ಹಾಗೆ ಹೊಳೆಯುತ್ತೆ, ದೂರ ಇದ್ದದ್ದು ಅರ್ಧಂಬರ್ಧ ಬೆಂದು ಪೇಲವವಾಗಿ ಬರುತ್ತೆ, ನಡುವಿನದ್ದು ಮಾತ್ರ ಚೆನ್ನಾದ ಕೆಂಪು. ಅಳತೆಯೂ ಸಮ ಇರಲ್ಲ, ಒಂದು ಸೊಟ್ಟ, ಒಂದು ದಪ್ಪ. ಅಂಥ ಇಟ್ಟಿಗೆಯಲ್ಲಿ ಗೋಡೆ ಎದ್ದರೆ ದೂರದಿಂದ ಮಚ್ಚೆ ಮಚ್ಚೆಯಾಗಿ ಕಾಣುತ್ತೆ. ಕಾವಿ ಸುಣ್ಣ ಬಳಿದರೆ ಎಲ್ಲ ಒಂದು ಸಮ ಆಗುತ್ತೆ. ಇಂಗ್ಲೆಂಡಿನಲ್ಲಿ ಇದು ಅದಕ್ಕೂ ಮುಂಚಿನಿಂದ ಇದ್ದ ಪದ್ಧತಿ. ಟ್ಯೂಡರ್ ರಾಜರ ಕಾಲದಲ್ಲಿ (ಹೆಚ್ಚುಕಡಿಮೆ ಹದಿನಾರನೇ ಶತಮಾನ), ಹ್ಯಾಂಪ್ಟನ್ ಕೋರ್ಟ್‌ನಂಥ ಅರಮನೆಗಳಲ್ಲೂ, ಗೋಡೆಗೆ ಕೆಂಪು ಬಳಿದು ಆಮೇಲೆ ಸಣ್ಣ ಕುಂಚದಲ್ಲಿ ಸಂದುಗಳ ಮೇಲೆ ಬಿಳಿ ಗೆರೆ ಎಳೆಯುತ್ತಿದ್ದರು. ಗೆರೆ ನೇರ ಇದ್ದರೆ ಕೆಳಗಿನ ಸೊಟ್ಟ ಇಟ್ಟಿಗೆ ಕಣ್ಣಿಗೆ ಬೀಳುತ್ತಿರಲಿಲ್ಲ. ನಾವು ಈಗ "ಆಹಾ, ಎಂಥ ಸಹಜ ಹಳೇ ಇಟ್ಟಿಗೆ" ಅಂತ ಮೆಚ್ಚುವ ಎಷ್ಟೋ ಗೋಡೆಗಳು ಕಟ್ಟಿದಾಗ ಹಾಗೆ ಬರಿಮೈಯಲ್ಲಿ ಇರಲೇ ಇಲ್ಲ. ಮಳೆಗೆ ತೊಳೆದು ಹೋಗಿ, ಆಮೇಲೆ ಯಾರೂ ಬಳಿಯದೆ ಹಾಗಾಗಿವೆ.

ಎರಡನೇ ಕಾರಣ ರಕ್ಷಣೆ. ಸುಣ್ಣ ಗೋಡೆಯ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತೆ. ತೆಳು ಪದರ, ಆದರೆ ಉಸಿರಾಡುವ ಪದರ. ಒಳಗಿನ ತೇವ ಅದರ ಮೂಲಕ ಹೊರಗೆ ಹೋಗುತ್ತೆ. ಬಿಸಿಲು, ಮಳೆ, ಹಿಮ ಎಲ್ಲದರ ಪೆಟ್ಟು ಮೊದಲು ಸುಣ್ಣಕ್ಕೆ ಬೀಳುತ್ತೆ, ಇಟ್ಟಿಗೆಗಲ್ಲ. ಸುಣ್ಣ ಸವೆಯುತ್ತೆ, ಸವೆದ ಮೇಲೆ ಮತ್ತೆ ಬಳಿಯಬೇಕು, ಅದರ ಕೆಲಸವೇ ಅದು. ಕಾವಿಯಲ್ಲಿರುವುದು ಕಬ್ಬಿಣದ ಆಕ್ಸೈಡ್. ಸುಣ್ಣದ ಕ್ಷಾರಕ್ಕೂ ಬಿಸಿಲಿಗೂ ಅದು ಜಗ್ಗಲ್ಲ. ಇಟ್ಟಿಗೆಗೆ ಕೆಂಪು ಬರುವುದೂ ಮಣ್ಣಿನಲ್ಲಿರುವ ಅದೇ ಕಬ್ಬಿಣದಿಂದ, ಅದಕ್ಕೇ ಎರಡೂ ಅಷ್ಟು ಹೊಂದಿಕೊಳ್ಳುತ್ತವೆ.

ಇಟ್ಟಿಗೆಯ ಕೆತ್ತನೆ ಬಗ್ಗೆ ಸಂಜೆ ಬರೆಯುತ್ತೇನೆ, ಈಗ ಸೈಟಿಗೆ ಹೊರಟಿದ್ದೇನೆ.

---

ಹಾಸನದ_ಸಿವಿಲ್

ಬಣ್ಣದ ಬಗ್ಗೆ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಇಟ್ಟಿಗೆ ಜೋಡಣೆ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಯಾಕಂದರೆ ಈ ಮನೆ ಹೆಸರಾಗಿರುವುದೇ ಅದಕ್ಕೆ.

ಡಿಪ್ಲೊಮಾ ಓದಿದವರಿಗೆಲ್ಲ ಇಂಗ್ಲಿಷ್ ಬಾಂಡ್, ಫ್ಲೆಮಿಷ್ ಬಾಂಡ್ ಡ್ರಾಯಿಂಗ್ ಹಾಕಿದ ನೆನಪು ಇರುತ್ತೆ. ಬಾಂಡ್ ಅಂದರೆ ಇಟ್ಟಿಗೆ ಜೋಡಿಸುವ ಕ್ರಮ. ಇಂಗ್ಲಿಷ್ ಬಾಂಡ್‌ನಲ್ಲಿ ಒಂದು ವರಸೆ ಪೂರ್ತಿ ಸ್ಟ್ರೆಚರ್, ಅಂದರೆ ಇಟ್ಟಿಗೆಯ ಉದ್ದದ ಮುಖ ಹೊರಗೆ. ಅದರ ಮೇಲಿನ ವರಸೆ ಪೂರ್ತಿ ಹೆಡ್ಡರ್, ಗಿಡ್ಡ ಮುಖ ಹೊರಗೆ. ಫ್ಲೆಮಿಷ್ ಬಾಂಡ್‌ನಲ್ಲಿ ಒಂದೇ ವರಸೆಯಲ್ಲಿ ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ. ಮೇಲಿನ ಗಿಡ್ಡ ಇಟ್ಟಿಗೆ ಕೆಳಗಿನ ಉದ್ದ ಇಟ್ಟಿಗೆಯ ಸರಿ ಮಧ್ಯಕ್ಕೆ ಕೂರಬೇಕು. ಟ್ಯೂಡರ್ ಕಾಲದ ಒಳ್ಳೇ ಗೋಡೆ ಅಂದರೆ ಇಂಗ್ಲಿಷ್ ಬಾಂಡ್. ಕ್ಯೂ ಪ್ಯಾಲೇಸ್ ಫ್ಲೆಮಿಷ್ ಬಾಂಡ್‌ನಲ್ಲಿದೆ, ಮತ್ತು ಇಂಗ್ಲೆಂಡಿನಲ್ಲಿ ಅದನ್ನು ಇಡೀ ಮನೆಗೆ ಬಳಸಿದ ಆರಂಭದ ಉದಾಹರಣೆಗಳಲ್ಲಿ ಇದೂ ಒಂದು. ಆಮೇಲೆ ಹದಿನೆಂಟನೇ ಶತಮಾನದ ಜಾರ್ಜಿಯನ್ ಮನೆಗಳ ಹೊತ್ತಿಗೆ ಊರೆಲ್ಲ ಅದೇ ಆಯಿತು. ಲಂಡನ್ನಿನ ಯಾವ ಹಳೇ ಬೀದಿಗೆ ಹೋದರೂ ಮುಂಭಾಗದ ಗೋಡೆ ನೋಡಿ, ಒಂದು ಉದ್ದ ಒಂದು ಗಿಡ್ಡ.

ಬಲದ ಲೆಕ್ಕ ಹಾಕಿದರೆ ಇಂಗ್ಲಿಷ್ ಬಾಂಡೇ ಒಂದು ಕೈ ಮೇಲು ಅಂತ ನಮಗೆ ಕಲಿಸಿದ್ದು. ಆದರೂ ಫ್ಲೆಮಿಷ್ ಗೆದ್ದಿದ್ದು ನೋಟದಿಂದ. ಇಡೀ ಗೋಡೆ ಒಂದೇ ನೇಯ್ಗೆಯಾಗಿ ಕಾಣುತ್ತೆ, ವರಸೆಗಳ ಅಡ್ಡ ಪಟ್ಟೆ ಕಾಣಲ್ಲ. ಕಟ್ಟುವವನಿಗೆ ಮಾತ್ರ ತಲೆನೋವು. ಮೂಲೆಗೆ ಬಂದಾಗ ಕಾಲು ಇಟ್ಟಿಗೆ ತುಂಡು ಹಾಕಿ ಸರಿದೂಗಿಸಬೇಕು, ಕಿಟಕಿ ಎಲ್ಲಿ ಬರುತ್ತೆ ಅಂತ ಬುನಾದಿಯಲ್ಲೇ ಯೋಚನೆ ಮಾಡಿರಬೇಕು, ಇಲ್ಲಾಂದರೆ ಮೇಲೆ ಹೋಗುತ್ತಾ ಹೋಗುತ್ತಾ ಜೋಡಣೆ ತಪ್ಪುತ್ತೆ.

ಈ ಮನೆ ಕಟ್ಟಿಸಿದವನು ಸ್ಯಾಮ್ಯುಯೆಲ್ ಫೋರ್ಟ್ರಿ. ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ ಕಡೆ) ಮೂಲದ ಕುಟುಂಬದ ವ್ಯಾಪಾರಿ. ಬಾಗಿಲ ಮೇಲೆ ಇಸವಿ ಜೊತೆ ಅವನ ಮತ್ತು ಅವನ ಹೆಂಡತಿ ಕ್ಯಾಥರೀನ್ ಹೆಸರಿನ ಅಕ್ಷರಗಳನ್ನು ಹೆಣೆದಿದ್ದಾರೆ, ಅದೂ ಇಟ್ಟಿಗೆಯಲ್ಲೇ. ಗೇಬಲ್‌ಗಳು ಆ ಕಡೆಯ ಮನೆಗಳ ರೀತಿ ಇರುವುದಕ್ಕೆ ಜನ ತುಂಬಾ ಕಾಲ ಇದನ್ನು ಡಚ್ ಹೌಸ್ ಅಂತಲೇ ಕರೆದರು.

---

ಹಳೇಮನೆ_ಮೈಸೂರು

ಓದಿ ತಿಳಿದುಕೊಂಡೆ, ಧನ್ಯವಾದ. ಆದರೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ, ನೇರವಾಗಿಯೇ ಹೇಳುತ್ತೇನೆ.

ಒಂದು ಮನೆ ಸುಮಾರು ನಾನೂರು ವರ್ಷ ನಿಂತಿದೆ ಅಂದರೆ ಆ ವರ್ಷಗಳೂ ಆ ಮನೆಯ ಭಾಗವೇ ಅಲ್ವಾ? ಮಳೆ ಬಿದ್ದ ಕಲೆ, ಒಂದು ಕಡೆ ಸವೆದ ಇಟ್ಟಿಗೆ, ಇನ್ನೊಂದು ಕಡೆ ಯಾರೋ ರಿಪೇರಿ ಮಾಡಿದ ಗುರುತು, ಇವೆಲ್ಲ ಗೋಡೆಯ ಮೇಲೆ ಕಾಣಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಅವನ ಗೆಳೆಯರು 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಒಂದು ಸಂಘವನ್ನೇ ಕಟ್ಟಿದ್ದು ಈ ಕಾರಣಕ್ಕೆ. ಕಟ್ಟಡವನ್ನು ಹುಟ್ಟಿದ ದಿನದ ರೂಪಕ್ಕೆ ವಾಪಸ್ ತರುತ್ತೇವೆ ಅಂತ ಹೊರಟವರು ಎಷ್ಟೋ ಚರ್ಚುಗಳನ್ನು ಕೆರೆದು ಹಾಕಿದರು, ಅದನ್ನು ನಿಲ್ಲಿಸಿ, ಇದ್ದದ್ದನ್ನು ಕಾಪಾಡಿ ಸಾಕು ಅಂತ ಅವರ ವಾದ. ನನಗೆ ಅದು ಸರಿ ಅನ್ನಿಸುತ್ತೆ. ಮಾರಿಸ್ ತನಗಾಗಿ ಕಟ್ಟಿಸಿಕೊಂಡ ರೆಡ್ ಹೌಸ್ ಬೆಕ್ಸ್‌ಲಿಹೀತ್‌ನಲ್ಲಿದೆ, ಫಿಲಿಪ್ ವೆಬ್ ವಿನ್ಯಾಸ ಮಾಡಿದ್ದು, 1860ರಲ್ಲಿ ಮುಗಿದದ್ದು. ಅಲ್ಲಿ ಇಟ್ಟಿಗೆ ಮೇಲೆ ಏನೂ ಇಲ್ಲ. ಬರೀ ಕೆಂಪು ಇಟ್ಟಿಗೆ, ಕಡಿದಾದ ಹೆಂಚಿನ ಮಾಡು, ಅಂಗಳದಲ್ಲಿ ಶಂಕುವಿನಾಕಾರದ ಮಾಡು ಇರುವ ಬಾವಿ. ಆ ಇಟ್ಟಿಗೆ ಈಗ ಮಾಗಿದ ರೀತಿ ನೋಡಿದರೆ ಯಾರಿಗೂ ಅದರ ಮೇಲೆ ಕುಂಚ ಇಡುವ ಮನಸ್ಸು ಬರಲ್ಲ.

ಕ್ಯೂನಲ್ಲಿ 1631 ಕಾಣುತ್ತೆ, ಆಮೇಲಿನದ್ದು ಮುಚ್ಚಿಹೋಗಿದೆ. ನನ್ನ ಬೇಜಾರು ಅದು.

---

ಗಾರೆ_ಕರಣೆ

@ಹಳೇಮನೆ_ಮೈಸೂರು ನಿಮ್ಮ ಮಾತಿಗೆ ತೂಕ ಇದೆ. ನಾವು ಸೈಟಿನಲ್ಲಿ ದಿನಾ ಇದೇ ಚರ್ಚೆ ಮಾಡುತ್ತೇವೆ. ಆದರೆ ಎರಡು ವಿಷಯ ಗಮನಿಸಿ.

ಕೆರೆದು ಹಾಕುವುದಕ್ಕೂ ಸುಣ್ಣ ಬಳಿಯುವುದಕ್ಕೂ ಬಹಳ ವ್ಯತ್ಯಾಸ ಇದೆ. ಮಾರಿಸ್ ಸಿಟ್ಟಾಗಿದ್ದು ಹಳೇ ಪದರ ಕಿತ್ತು, ಹಳೇ ಕಲ್ಲು ತೆಗೆದು ಹೊಸದು ಕೂರಿಸಿದ್ದಕ್ಕೆ. ಹೋದದ್ದು ಮತ್ತೆ ಬರಲ್ಲ. ಸುಣ್ಣ ಹಾಗಲ್ಲ, ಕೆಳಗಿನ ಇಟ್ಟಿಗೆ, ಕಲೆ, ರಿಪೇರಿ ಗುರುತು ಎಲ್ಲ ಇದ್ದ ಹಾಗೇ ಇರುತ್ತೆ. ಮುಂದಿನ ತಲೆಮಾರಿಗೆ ಬೇಡ ಅನ್ನಿಸಿದರೆ ಬಳಿಯುವುದು ನಿಲ್ಲಿಸಿದರೆ ಆಯಿತು, ಮಳೆ ನೋಡಿಕೊಳ್ಳುತ್ತೆ. ನೀವು ರೆಡ್ ಹೌಸ್ ಹೇಳಿದಿರಿ, ಅದನ್ನು ಬರಿ ಇಟ್ಟಿಗೆಯಾಗಿ ಕಾಣಲಿ ಅಂತಲೇ ಕಟ್ಟಿದ್ದು. ಫೋರ್ಟ್ರಿ ಮನೆಯ ಮೇಸ್ತ್ರಿಗಳ ಮನಸ್ಸಿನಲ್ಲಿ ಇದ್ದದ್ದು ಬೇರೆ. ಒಂದಕ್ಕೆ ಸರಿಯಾದದ್ದು ಇನ್ನೊಂದಕ್ಕೂ ಸರಿ ಅನ್ನಲು ಆಗಲ್ಲ.

ಈಗ ಇಟ್ಟಿಗೆಯ ಕೆತ್ತನೆಗೆ ಬರುತ್ತೇನೆ, ನನಗೆ ಈ ಮನೆಯಲ್ಲಿ ಎಲ್ಲಕ್ಕಿಂತ ಇಷ್ಟ ಅದೇ. ಹತ್ತಿರ ನಿಂತು ನಡುವಿನ ಭಾಗ ನೋಡಿ. ಬಾಗಿಲ ಮೇಲಿನಿಂದ ಅಂತಸ್ತು ಅಂತಸ್ತಾಗಿ ಗೋಡೆಗೆ ಅಂಟಿದ ಕಂಬಗಳು ಏರುತ್ತಾ ಹೋಗುತ್ತವೆ. ಕಿಟಕಿಗಳ ಸುತ್ತ ದಪ್ಪ ಕಲ್ಲಿನ ದಿಮ್ಮಿ ಜೋಡಿಸಿದಂತೆ ಉಬ್ಬು. ಅಂತಸ್ತುಗಳ ನಡುವೆ ಅಡ್ಡಪಟ್ಟಿ. ಗೇಬಲ್ ಅಂಚಿನ ಬಳುಕು, ಅದರ ನೆತ್ತಿಯಲ್ಲಿ ಪುಟ್ಟ ಪೆಡಿಮೆಂಟ್, ಅಂದರೆ ಗ್ರೀಕ್ ಗುಡಿಗಳ ಮುಂಭಾಗದಲ್ಲಿ ಇರುವಂಥ ಕಿರೀಟದ ಅಲಂಕಾರ. ಬೇರೆಯವರು ಕಲ್ಲಿನಲ್ಲಿ ಮಾಡಿಸುತ್ತಿದ್ದ ಕೆಲಸವನ್ನೆಲ್ಲ ಇಲ್ಲಿ ಇಟ್ಟಿಗೆಯಲ್ಲಿ ಮಾಡಿದ್ದಾರೆ.

ಇಂಥ ಕೆಲಸಕ್ಕೆ ಸಾಮಾನ್ಯ ಇಟ್ಟಿಗೆ ಆಗಲ್ಲ. ಮಣ್ಣನ್ನು ಚೆನ್ನಾಗಿ ತೊಳೆದು, ಕಲ್ಲು ಕಸ ತೆಗೆದು, ಸ್ವಲ್ಪ ಮರಳಾಗಿ ಇರುವಂತೆ ಹದ ಮಾಡಿ, ಹದವಾದ ಶಾಖದಲ್ಲಿ ಸುಟ್ಟ ಮೆತ್ತನೆ ಇಟ್ಟಿಗೆ ಬೇಕು. ಇಂಗ್ಲಿಷ್ ಮೇಸ್ತ್ರಿಗಳು ಅದನ್ನು ರಬ್ಬರ್ ಅನ್ನುತ್ತಾರೆ, ಉಜ್ಜಿ ಆಕಾರ ಕೊಡುವ ಇಟ್ಟಿಗೆ. ಮೊದಲು ಸಣ್ಣ ಕೊಡಲಿಯಂಥ ಉಪಕರಣದಲ್ಲಿ ಹೆಚ್ಚು ಕಡಿಮೆ ಆಕಾರಕ್ಕೆ ಕಡಿಯುತ್ತಾರೆ, ಆಮೇಲೆ ಒರಟು ಕಲ್ಲಿನ ಮೇಲೆ ಉಜ್ಜಿ ಉಜ್ಜಿ ಮೈ ನುಣುಪು ಮಾಡುತ್ತಾರೆ. ಕಮಾನಿಗೆ ಆದರೆ ಪ್ರತಿ ಇಟ್ಟಿಗೆಯೂ ಕೆಳಗೆ ಸಣ್ಣ, ಮೇಲೆ ಅಗಲ, ಒಂದೊಂದನ್ನೂ ಅಚ್ಚಿನ ಹಲಗೆಗೆ ಹಿಡಿದು ನೋಡಿ ಕೂರಿಸಬೇಕು. ಸಂದಿಗೆ ಮರಳು ಗಾರೆ ನಡೆಯಲ್ಲ, ನುಣ್ಣಗಿನ ಸುಣ್ಣದ ಗಂಜಿಯಲ್ಲಿ ಅದ್ದಿ ಒತ್ತುತ್ತಾರೆ, ಸಂದು ಕಾಗದದಷ್ಟು ತೆಳ್ಳಗೆ ಬರುತ್ತೆ. ನಾನೇ ಇಂಥ ಒಂದು ಕಮಾನಿನ ರಿಪೇರಿಗೆ ಕೈ ಹಾಕಿದ್ದೆ, ಒಂದು ಇಟ್ಟಿಗೆ ಸರಿಯಾಗಿ ಕೂರುವ ಹೊತ್ತಿಗೆ ತೋಳು ಬಿದ್ದು ಹೋಗುತ್ತೆ.

ಆ ಕಾಲದ ಇನ್ನೊಂದು ಮನೆ ಜೊತೆ ಇಟ್ಟು ನೋಡಿದರೆ ಇದರ ಸ್ವಭಾವ ಅರ್ಥ ಆಗುತ್ತೆ. ಗ್ರಿನಿಚ್‌ನಲ್ಲಿ ಇನಿಗೊ ಜೋನ್ಸ್ ಕಟ್ಟಿಸುತ್ತಿದ್ದ ಕ್ವೀನ್ಸ್ ಹೌಸ್ 1616ರಲ್ಲಿ ಶುರುವಾಗಿ 1630ರ ದಶಕದಲ್ಲಿ ಮುಗಿದದ್ದು. ಅಂದರೆ ಫೋರ್ಟ್ರಿ ಮನೆ ಏಳುವಾಗ ಅದೂ ಏಳುತ್ತಿತ್ತು. ಅದು ಇಟಲಿ ನೋಡಿ ಬಂದ ವಾಸ್ತುಶಿಲ್ಪಿಯ ಕಟ್ಟಡ. ಬಿಳಿ, ಸಪಾಟು, ಲೆಕ್ಕಾಚಾರದ ಅಳತೆ, ಮಾಡು ಕಾಣದಂತೆ ಮರೆಮಾಡಿದ ತಲೆ. ಕ್ಯೂನದ್ದು ಮೇಸ್ತ್ರಿಗಳ ಕಟ್ಟಡ. ಕಂಬ, ಪೆಡಿಮೆಂಟ್ ಎಲ್ಲ ಅದೇ ಮೂಲದ್ದು, ಆದರೆ ಅವನ್ನು ಶಾಸ್ತ್ರದ ಪ್ರಕಾರ ಇಡಬೇಕು ಅನ್ನುವ ಗೊಡವೆ ಇಲ್ಲ, ಕೈಗೆ ಬಂದದ್ದನ್ನೆಲ್ಲ ಖುಷಿಯಾಗಿ ಬಳಸಿದ್ದಾರೆ. ಪುಸ್ತಕಗಳಲ್ಲಿ ಇದಕ್ಕೆ ಆರ್ಟಿಸನ್ ಮ್ಯಾನರಿಸಂ ಅಂತಾರೆ. ಗ್ರಿನಿಚ್ ಮನೆಗೆ ನಾನು ತಲೆ ಬಾಗುತ್ತೇನೆ, ಆದರೆ ಮನಸ್ಸು ಇರುವುದು ಕ್ಯೂನಲ್ಲಿ.

---

ಲೆಸ್ಟರ್_ಸುಮಾ

ಸುಣ್ಣ, ಉಸಿರಾಟದ ವಿಷಯ ಬಂದದ್ದಕ್ಕೆ ನಾನೂ ಒಂದು ಹೇಳುತ್ತೇನೆ, ಹಳೇ ಇಟ್ಟಿಗೆ ಮನೆ ಕೊಂಡಿರುವವರು ದಯವಿಟ್ಟು ಓದಿ.

ನಮ್ಮದು ವಿಕ್ಟೋರಿಯನ್ ಕಾಲದ ಸಾಲು ಮನೆ. ಹಿಂದಿನ ಗೋಡೆಯ ಸಂದುಗಳಲ್ಲಿ ಗಾರೆ ಉದುರಿತ್ತು. ಬಂದ ಕಂಟ್ರಾಕ್ಟರ್ ಹಳೇ ಸುಣ್ಣದ ಗಾರೆ ಕೆರೆದು ಸಿಮೆಂಟ್ ತುಂಬಿ ಹೋದ. ನೋಡಲು ನೀಟಾಗಿತ್ತು. ಎರಡು ಚಳಿಗಾಲ ಕಳೆಯುವುದರೊಳಗೆ ಇಟ್ಟಿಗೆಗಳ ಮುಖ ಹಕ್ಕಳೆ ಎದ್ದು ಬೀಳತೊಡಗಿತು. ಸಿಮೆಂಟಿನ ಸಂದು ಮಾತ್ರ ಗಟ್ಟಿಯಾಗಿ ಹೊರಗೆ ಚಾಚಿಕೊಂಡು ನಿಂತಿತ್ತು, ಇಟ್ಟಿಗೆ ಒಳಗೆ ಕುಳಿಬಿದ್ದಿತ್ತು. ಒಳಗೆ ಅಡುಗೆಮನೆ ಗೋಡೆಗೆ ಥಂಡಿ ಹಿಡಿದು ಕಪ್ಪು ಬೂಷ್ಟು. ಆಮೇಲೆ ಸುಣ್ಣದ ಕೆಲಸ ಗೊತ್ತಿರುವ ಒಬ್ಬರು ಬಂದು ವಿವರಿಸಿದರು, ಗೋಡೆಯ ತೇವ ಮೊದಲು ಸಂದಿನ ಸುಣ್ಣದಿಂದ ಹೊರಗೆ ಹೋಗುತ್ತಿತ್ತು, ಈಗ ಆ ದಾರಿ ಮುಚ್ಚಿದೆ, ಹಾಗಾಗಿ ಇಟ್ಟಿಗೆಯಿಂದಲೇ ಹೋಗಬೇಕು, ಹಿಮ ಬಿದ್ದಾಗ ಆ ನೀರು ಗಡ್ಡೆಕಟ್ಟಿ ಹಿಗ್ಗಿ ಇಟ್ಟಿಗೆಯ ಮುಖವನ್ನೇ ಸೀಳುತ್ತೆ ಅಂತ. ಎಲ್ಲ ಸಿಮೆಂಟ್ ಕೈಯಲ್ಲಿ ಬಿಡಿಸಿ ತೆಗೆಸಿ ಮತ್ತೆ ಸುಣ್ಣದ ಗಾರೆ ತುಂಬಿಸಿದೆವು. ಖರ್ಚು ದುಪ್ಪಟ್ಟಾಯಿತು, ಹೋದ ಇಟ್ಟಿಗೆ ಹೋಯಿತು.

ಪ್ಲಾಸ್ಟಿಕ್ ಪೇಂಟಿಗೂ ಇದೇ ಮಾತು. ಕ್ಯೂ ನೋಡಿ ಬಂದು ನಮ್ಮ ಮನೆಗೂ ಕೆಂಪು ಬಳಿಸೋಣ ಅಂತ ಅಂಗಡಿಯ ಮೇಸನ್ರಿ ಪೇಂಟ್ ತಂದರೆ ಕಥೆ ಮುಗಿಯಿತು.

---

ಕುಮಟಾ_ಭಟ್ಟ

ಕಾವಿ ಸುಣ್ಣ ಅಂದ ಕೂಡಲೇ ನಮ್ಮ ಉತ್ತರ ಕನ್ನಡದ ದೇವಸ್ಥಾನಗಳ ಕಾವಿ ಕಲೆ ಕಣ್ಣ ಮುಂದೆ ಬಂತು. ಹದ ಮಾಡಿದ ಸುಣ್ಣದ ಗಾರೆ ಮೇಲೆ ಕಾವಿ ಬಳಿದು, ಅದು ಹಸಿ ಇರುವಾಗಲೇ ಮೊನಚಾದ ಉಪಕರಣದಲ್ಲಿ ಕೆರೆದು ಕೆಳಗಿನ ಬಿಳಿ ಕಾಣುವಂತೆ ಚಿತ್ರ ತೆಗೆಯುವುದು. ಸಾಮಗ್ರಿ ಅವೇ ಎರಡು. ನಮ್ಮ ಕಡೆಯ ಮಳೆಯಲ್ಲೂ ತಲೆಮಾರುಗಟ್ಟಲೆ ನಿಂತಿವೆ ಅಂದರೆ ಆ ಜೋಡಿಯ ಗಟ್ಟಿತನ ಎಷ್ಟು ನೋಡಿ. ಎಷ್ಟೋ ಕಡೆ ಜೀರ್ಣೋದ್ಧಾರದ ಹೆಸರಲ್ಲಿ ಅವುಗಳ ಮೇಲೆ ಆಯಿಲ್ ಪೇಂಟ್ ಹೊಡೆದಿದ್ದಾರೆ, ಹೊಟ್ಟೆ ಉರಿಯುತ್ತೆ.

ಬೆಂಗಳೂರಿನ ಅಠಾರ ಕಚೇರಿಯೂ ಕೆಂಪು ಬಳಿದ ಕಟ್ಟಡವೇ ಅಲ್ವಾ? ಅದನ್ನು ಕೆಂಪಿಲ್ಲದೆ ಯಾರಿಗಾದರೂ ನೆನೆಸಿಕೊಳ್ಳಲು ಆಗುತ್ತಾ?

---

ಕ್ರಾಯ್ಡನ್_ಕನ್ನಡಿಗ

ಇಷ್ಟೆಲ್ಲ ಬರುತ್ತೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರಿಗೆ ಇನ್ನೂ ಎರಡು ಪ್ರಶ್ನೆ ಇದೆ.

ಕಿಟಕಿಗಳು ಮಾತ್ರ ಬಿಳಿ, ಮೇಲೆ ಕೆಳಗೆ ಜಾರುವ ಸ್ಯಾಶ್ ಕಿಟಕಿ. 1631ರಲ್ಲಿ ಅವು ಇದ್ದವಾ? ಮತ್ತೆ ನಾವು ಹೊರಗಿನಿಂದ ಮಾತ್ರ ನೋಡಿದ್ದು, ಒಳಗೆ ಏನಿದೆ? ಮತ್ತೊಮ್ಮೆ ಹೋಗುವಷ್ಟು ಇದೆಯಾ?

---

ತೇಮ್ಸ್_ದಂಡೆ

ನಿಮ್ಮ ತಂದೆಯವರ ಕಣ್ಣು ಸೂಕ್ಷ್ಮ. ಸ್ಯಾಶ್ ಕಿಟಕಿ ಆಮೇಲೆ ಬಂದದ್ದು. ಮೊದಲಿಗೆ ನಡುವೆ ಅಡ್ಡಪಟ್ಟಿ, ನಿಲುವುಪಟ್ಟಿ ಇದ್ದು ಬಾಗಿಲಿನಂತೆ ತೆರೆಯುವ ಕಿಟಕಿಗಳು ಇದ್ದವು. ಇಂಗ್ಲೆಂಡಿನಲ್ಲಿ ಸ್ಯಾಶ್ ರೂಢಿಗೆ ಬಂದದ್ದು ಹದಿನೇಳನೇ ಶತಮಾನದ ಕೊನೆಗೆ. ರಾಜಮನೆತನದವರು ಮನೆಗೆ ಬಂದ ಮೇಲೆ ಬದಲಿಸಿಕೊಂಡರು. @ಹಳೇಮನೆ_ಮೈಸೂರು ಅವರೇ, ನಿಮ್ಮ ಬೇಜಾರಿಗೆ ಇದೇ ಒಂದು ಉತ್ತರ ಅನ್ನಬಹುದು. ದುರಸ್ತಿ ಮಾಡಿದವರು ಎಲ್ಲವನ್ನೂ 1631ಕ್ಕೆ ಒಯ್ಯಲಿಲ್ಲ. ಕಿಟಕಿ ಜಾರ್ಜಿಯನ್ ಆಗಿಯೇ ಉಳಿದಿದೆ, ಒಳಗಿನ ಕೋಣೆಗಳನ್ನು ಮೂರನೇ ಜಾರ್ಜ್ ಕುಟುಂಬ ಇದ್ದ ಕಾಲಕ್ಕೆ ಹೊಂದುವಂತೆ ಮಾಡಿದ್ದಾರೆ.

ಚರಿತ್ರೆ ಚುಟುಕಾಗಿ ಹೇಳುತ್ತೇನೆ. ಎರಡನೇ ಜಾರ್ಜ್‌ನ ರಾಣಿ ಕ್ಯಾರೊಲೈನ್ 1728ರಲ್ಲಿ ಹೆಣ್ಣುಮಕ್ಕಳಿಗಾಗಿ ಈ ಮನೆಯನ್ನು ಲೀಸಿಗೆ ತಗೊಂಡಳು. ಮೂರನೇ ಜಾರ್ಜ್ 1781ರಲ್ಲಿ ಕೊಂಡುಕೊಂಡ. ನಿಜವಾಗಿ ಆಗ ಮುಖ್ಯ ಮನೆ ಇದಾಗಿರಲಿಲ್ಲ, ಎದುರಿಗೆ ವೈಟ್ ಹೌಸ್ ಅಂತ ದೊಡ್ಡದೊಂದು ಇತ್ತು. ಅದನ್ನು 1802ರಲ್ಲಿ ಕೆಡವಿದರು. ಈಗ ಹುಲ್ಲುಹಾಸಿನ ಮೇಲೆ ಒಂದು ನೆರಳು ಗಡಿಯಾರ ಇದೆಯಲ್ಲ, ಅದು ನಿಂತಿರುವುದು ಆ ಮನೆ ಇದ್ದ ಜಾಗದಲ್ಲಿ. ದೊಡ್ಡ ಮನೆ ಹೋಯಿತು, ವ್ಯಾಪಾರಿಯ ಇಟ್ಟಿಗೆ ಮನೆ ಉಳಿಯಿತು. ಮೂರನೇ ಜಾರ್ಜ್‌ನ ರಾಣಿ ಷಾರ್ಲೆಟ್ ತೀರಿಕೊಂಡದ್ದು ಇಲ್ಲೇ, 1818ರ ನವೆಂಬರ್‌ನಲ್ಲಿ. ಅದೇ ವರ್ಷ ಜುಲೈನಲ್ಲಿ ಅವಳ ಇಬ್ಬರು ಗಂಡುಮಕ್ಕಳ ಮದುವೆ ಇದೇ ಮನೆಯ ಮೊದಲ ಮಹಡಿಯ ಕೋಣೆಯಲ್ಲಿ ಆಗಿತ್ತು. ಅವರಲ್ಲಿ ಕೆಂಟ್ ಡ್ಯೂಕ್‌ನ ಮಗಳೇ ಮುಂದೆ ವಿಕ್ಟೋರಿಯಾ ರಾಣಿ. ಆಕೆ 1898ರಲ್ಲಿ ಈ ಮನೆಯನ್ನು ಜನರಿಗೆ ತೆರೆಸಿದಳು. ಷಾರ್ಲೆಟ್ ಹೋದ ಮೇಲೆ ಯಾರೂ ಇಲ್ಲಿ ಸಂಸಾರ ಹೂಡದಿದ್ದದ್ದು ಒಳ್ಳೇದೇ ಆಯಿತು, ವಿಕ್ಟೋರಿಯನ್ ಕಾಲದಲ್ಲಿ ಯಾರಾದರೂ ಇದ್ದಿದ್ದರೆ ಒಳಗೆಲ್ಲ ಕಿತ್ತು ಹೊಸದು ಮಾಡುತ್ತಿದ್ದರು.

ಮತ್ತೊಮ್ಮೆ ಹೋಗಲೇಬೇಕು, ಮುಖ್ಯವಾಗಿ ಎಲ್ಲಕ್ಕಿಂತ ಮೇಲಿನ ಅಂತಸ್ತಿಗಾಗಿ. ಅಲ್ಲಿ ರಾಜಕುಮಾರಿಯರ ಕೋಣೆಗಳಿವೆ. ಅವನ್ನು ಅಲಂಕರಿಸಿಲ್ಲ, ಬಣ್ಣ ಬಳಿದಿಲ್ಲ. ಮರದ ಚೌಕಟ್ಟು, ಹಳೇ ಗಾರೆ, ಹಲಗೆ ಗೋಡೆ ಎಲ್ಲ ಸಿಕ್ಕಿದ ಹಾಗೆ ಬಿಟ್ಟಿದ್ದಾರೆ. ಗೋಡೆಯ ಹೊಟ್ಟೆಯೊಳಗೆ ಏನಿರುತ್ತೆ ಅಂತ ನಿಮ್ಮ ತಂದೆಯವರಿಗೆ ಅಲ್ಲಿ ನೇರವಾಗಿ ಕಾಣುತ್ತೆ. ಕೆಳಗೆ ನೆಲಮಾಳಿಗೆಯಲ್ಲಿ ಇಟ್ಟಿಗೆ ಕಮಾನಿನ ಒಂದು ಭಾಗ ಇದೆ, ಅದು ಫೋರ್ಟ್ರಿಗಿಂತ ಹಿಂದೆ, ಹದಿನಾರನೇ ಶತಮಾನದಲ್ಲಿ ಇದ್ದ ಮನೆಯದ್ದು. ಅದರ ಮೇಲೇ ಇದನ್ನು ಎಬ್ಬಿಸಿದ್ದು. ಪಕ್ಕದಲ್ಲಿ ರಾಜಮನೆತನದ ಅಡುಗೆಮನೆ ಪ್ರತ್ಯೇಕ ಕಟ್ಟಡವಾಗಿ ಇದೆ, ಅದನ್ನೂ 2012ರಲ್ಲಿ ತೆರೆದರು, ತಪ್ಪಿಸಬೇಡಿ. ಬೆಂಕಿಯ ಭಯಕ್ಕೆ ಅಡುಗೆಮನೆಯನ್ನು ದೂರ ಇಡುತ್ತಿದ್ದ ಕಾಲ ಅದು.

ಮನೆಯ ಪ್ಲಾನ್ ಕೂಡ ಗಮನಿಸಿ. ಅದಕ್ಕೂ ಹಿಂದಿನ ದೊಡ್ಡ ಇಂಗ್ಲಿಷ್ ಮನೆಗಳು ಅಂಗಳ ಸುತ್ತಿಕೊಂಡು ಅಥವಾ ಎರಡು ರೆಕ್ಕೆ ಚಾಚಿಕೊಂಡು ಹರಡಿರುತ್ತಿದ್ದವು. ಇದು ಬಿಗಿಯಾದ ಪೆಟ್ಟಿಗೆ. ನಡುವೆ ಓಣಿ, ಆ ಕಡೆ ಈ ಕಡೆ ಕೋಣೆ, ಅದನ್ನೇ ಅಂತಸ್ತಿನ ಮೇಲೆ ಅಂತಸ್ತು ಇಟ್ಟಿದ್ದಾರೆ. ಹೊರಗೋಡೆ ಕಡಿಮೆ, ಮಾಡು ಕಡಿಮೆ, ಚಳಿಯೂ ಕಡಿಮೆ. ದುಡ್ಡಿನ ಲೆಕ್ಕ ಗೊತ್ತಿದ್ದ ವ್ಯಾಪಾರಿಯ ಮನೆ. ಹಿಂಭಾಗ ನದಿ ಕಡೆಗೆ ತೆರೆದುಕೊಳ್ಳುತ್ತೆ. ಅಲ್ಲಿರುವ ಹದಿನೇಳನೇ ಶತಮಾನದ ರೀತಿಯ ತೋಟ ಮಾತ್ರ ಹೊಸದು, 1969ರಲ್ಲಿ ತೆರೆದದ್ದು.

---

ಹಳೇಮನೆ_ಮೈಸೂರು

@ತೇಮ್ಸ್_ದಂಡೆ ಮೇಲಂತಸ್ತನ್ನು ಹಾಗೇ ಬಿಟ್ಟಿದ್ದಾರೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಹೊರಗೆ ಒಂದು ರೀತಿ, ಒಳಗೆ ಒಂದು ರೀತಿ ಎರಡನ್ನೂ ಇಟ್ಟಿದ್ದು ಒಳ್ಳೇ ಕೆಲಸ. ಹೊರಗಿನ ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಈಗಲೂ ಅದೇ. ಒಂದು ಬದಿಯ ಗೋಡೆಯನ್ನಾದರೂ ಬಳಿಯದೆ ಬಿಡಬೇಕಿತ್ತು, ನೋಡುವವರಿಗೆ ಎರಡೂ ಸಿಗುತ್ತಿತ್ತು.

---

ಗಾರೆ_ಕರಣೆ

ಹಾಗೆ ಬಿಟ್ಟರೆ ಆ ಬದಿಯ ಇಟ್ಟಿಗೆ ಬೇಗ ಸವೆಯುತ್ತೆ ಅನ್ನುವ ತೊಂದರೆ ಇದೆ. ಆದರೆ ಬರಿ ಇಟ್ಟಿಗೆಯ ಹದಿನೇಳನೇ ಶತಮಾನದ ಮನೆ ನೋಡಲು ದೂರ ಹೋಗಬೇಕಿಲ್ಲ. @ಕ್ರಾಯ್ಡನ್_ಕನ್ನಡಿಗ ನಿಮ್ಮ ತಂದೆಯವರನ್ನು ಹ್ಯಾಮ್ ಹೌಸ್‌ಗೂ ಕರೆದುಕೊಂಡು ಹೋಗಿ. 1610ರಲ್ಲಿ ಕಟ್ಟಿದ್ದು, 1670ರ ದಶಕದಲ್ಲಿ ದೊಡ್ಡದು ಮಾಡಿದ್ದು, ಈಗ ನ್ಯಾಷನಲ್ ಟ್ರಸ್ಟ್ ಕೈಯಲ್ಲಿದೆ. ಅಲ್ಲಿ ಗೋಡೆ ಬರಿ ಇಟ್ಟಿಗೆ, ಮೂಲೆಗಳಿಗೆ ಮಾತ್ರ ಬಿಳಿ ಕಲ್ಲು. ಕ್ಯೂನಲ್ಲಿ ಅದೇ ಕೆಲಸವನ್ನು ಇಟ್ಟಿಗೆಗೆ ವಹಿಸಿದ್ದು ಎಷ್ಟು ಧೈರ್ಯದ ಕೆಲಸ ಅಂತ ಎರಡನ್ನೂ ಒಟ್ಟಿಗೆ ನೋಡಿದಾಗ ತಿಳಿಯುತ್ತೆ. ಕ್ಯೂನಿಂದ ರಿಚ್ಮಂಡ್ ಮೇಲೆ ಹೋಗುವ 65ನೇ ನಂಬರ್ ಬಸ್ ಪೀಟರ್‌ಶಾಮ್ ಕಡೆಗೇ ಹೋಗುತ್ತೆ, ಅಲ್ಲಿಂದ ನಡೆಯಬಹುದು.

ಕ್ಯೂ ಪ್ಯಾಲೇಸ್‌ನ ಒಳಭಾಗ ಚಳಿಗಾಲದಲ್ಲಿ ಮುಚ್ಚಿರುತ್ತೆ, ಬೇಸಿಗೆ ತಿಂಗಳಲ್ಲೇ ಹೋಗಿ. ತೋಟದ ಟಿಕೆಟ್‌ನಲ್ಲೇ ಒಳಗೆ ಬಿಡುತ್ತಾರೆ, ಆದರೂ ಹೊರಡುವ ಮುಂಚೆ ಅವತ್ತು ತೆರೆದಿದೆಯಾ ಅಂತ ನೋಡಿಕೊಳ್ಳಿ.